ಬ್ಲೇಸ್ ಪಾಸ್ಕಲ್ ಮತ್ತು ಐದು ಸೂ ಸಾರೋಟು

ಬ್ಲೇಸ್ ಪಾಸ್ಕಲನ ಹೆಸರು ನಮ್ಮ ಕಾಲೇಜಿನ ಮಿತ್ರರಿಗೆ ಹೊಸದಲ್ಲ. ಹೈಸ್ಕೂಲಿನಲ್ಲಿ ದ್ರವಗಳ ಒತ್ತಡದ ನಿಯಮವನ್ನು ಬಾಯಿಪಾಠ ಮಾಡಿದವರೆಲ್ಲರೂ ಅವನನ್ನು ಬಲ್ಲರು. ಗಣಿತದವರಿಗೆ ಅವನ ಸಂಖ್ಯಾತ್ರಿಕೋನ ಪರಿಚಿತ. ನಮ್ಮ ಛಂದಶ್ಶಾಸ್ತ್ರದವರು ಅದನ್ನು ಮೇರುಪ್ರಸ್ತಾರವೆಂದು ಅವನಿಗಿಂತ ಎಷ್ಟೋ ಶತಮಾನ ಮೊದಲೇ ತಿಳಿದಿದ್ದರೆಂಬುದು ಬೇರೆಯ ಮಾತು. ತತ್ತ್ವಶಾಸ್ತ್ರದ ತರಗತಿಯವರು, ದೇವರ ಇರವನ್ನು ಕುರಿತು ಅವನು ಹೂಡಿದ ಪಣವನ್ನು ಎಳೆದಾಡದೆ ಒಂದು ವರ್ಷವನ್ನೂ ಕಳೆಯುವುದಿಲ್ಲ. 1971ರಲ್ಲಿ ವಿಜ್ಞಾನಿಗಳು ಒತ್ತಡದ ಮಾನಕ್ಕೆ ಅವನ ಹೆಸರನ್ನೇ ಇಟ್ಟರು. ಇಷ್ಟೆಲ್ಲ ಆದರೂ, ದಿನವೂ ಬಸ್ಸಿನಲ್ಲಿ ಜೋತುಬಿದ್ದು ಕಾಲೇಜಿಗೆ ಬರುವ ನಮ್ಮಲ್ಲಿ, ಗೊತ್ತಾದ ದಾರಿಯಲ್ಲಿ, ಗೊತ್ತಾದ ಹೊತ್ತಿಗೆ, ಗೊತ್ತಾದ ಸಣ್ಣ ದರಕ್ಕೆ ಊರೊಳಗೆ ಗಾಡಿ ಓಡಿಸಿದ ಮೊದಲಿಗರಲ್ಲಿ ಈ ಮಹಾಮೇಧಾವಿಯೂ ಒಬ್ಬನೆಂದು ಬಲ್ಲವರು ವಿರಳ. ಅದು ಅವನ ಬಾಳಿನ ಕೊನೆಯ ಕೆಲಸ. ಅವನ ಚರಿತ್ರೆ ಬರೆಯುವವರು ಇದನ್ನು ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುವುದುಂಟು. ನನಗಾದರೋ ಅವನ ಬಾಳಿನ ಹಲವು ಎಳೆಗಳು ಇಲ್ಲಿಯೇ ಬಂದು ಕೂಡುವಂತೆ ತೋರುತ್ತದೆ.

ಪಾಸ್ಕಲನು 1623ನೆಯ ಇಸವಿ ಜೂನ್ 19ರಂದು ಫ್ರಾನ್ಸ್ ದೇಶದ ಕ್ಲೆರ್ಮೋಂ ಪಟ್ಟಣದಲ್ಲಿ ಜನಿಸಿದನು. ತಂದೆ ಎತ್ಯೆನ್ ಪಾಸ್ಕಲ್ ತೆರಿಗೆಯ ವ್ಯಾಜ್ಯಗಳನ್ನು ತೀರ್ಮಾನಿಸುವ ನ್ಯಾಯಾಲಯದಲ್ಲಿ ಅಧಿಕಾರಿ, ಸ್ವತಃ ಒಳ್ಳೆಯ ಗಣಿತಜ್ಞ. ಮಗುವಿಗೆ ಮೂರು ವರ್ಷವಾಗಿದ್ದಾಗಲೇ ತಾಯಿ ತೀರಿಕೊಂಡಳು. ಜಿಲ್ಬೆರ್ತ್ ಎಂಬ ಅಕ್ಕ, ಜಾಕ್ಲೀನ್ ಎಂಬ ತಂಗಿ. 1631ರಲ್ಲಿ ತಂದೆಯು ಮೂವರು ಮಕ್ಕಳನ್ನೂ ಕರೆದುಕೊಂಡು ಪ್ಯಾರಿಸ್ಸಿಗೆ ಬಂದು ನೆಲೆಸಿದನು. ಮಗನನ್ನು ಯಾವ ಶಾಲೆಗೂ ಕಳುಹಿಸದೆ ತಾನೇ ಓದಿಸಿದನು. ಹುಡುಗನ ಬುದ್ಧಿ ಎಂಥದೆಂದರೆ, ಹದಿನಾರನೆಯ ವಯಸ್ಸಿನಲ್ಲಿಯೇ ಶಂಕುಚ್ಛೇದಗಳನ್ನು ಕುರಿತು ಅವನು ಬರೆದ ಪ್ರಬಂಧವು ಪ್ಯಾರಿಸ್ಸಿನ ವಿದ್ವಾಂಸರನ್ನು ಬೆರಗುಗೊಳಿಸಿತು.

ಸುಮಾರು 1640ರಲ್ಲಿ ತಂದೆಗೆ ರುಆಂ ಪಟ್ಟಣದಲ್ಲಿ ತೆರಿಗೆ ವಸೂಲಿಯ ಕೆಲಸ ಬಂದಿತು. ರಾತ್ರಿಯೆಲ್ಲ ಕುಳಿತು ಲೆಕ್ಕ ಕೂಡಿಸಿ ಕಳೆದು ತಂದೆ ಬಳಲುವುದನ್ನು ನೋಡಿದ ಮಗನು, 1642ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಹಲ್ಲಿನ ಚಕ್ರಗಳನ್ನು ತಿರುಗಿಸಿದರೆ ತಾನೇ ಲೆಕ್ಕ ಮಾಡುವ ಒಂದು ಯಂತ್ರವನ್ನು ರಚಿಸತೊಡಗಿದನು. ಐವತ್ತರಷ್ಟು ಮಾದರಿಗಳನ್ನು ಮಾಡಿ, ಕೆಡಿಸಿ, ಮತ್ತೆ ಮಾಡಿದನು. 1649ರಲ್ಲಿ ಅದನ್ನು ತಯಾರಿಸುವ ಹಕ್ಕಿಗೆ ರಾಜನ ಸನ್ನದೂ ದೊರೆಯಿತು. ಆದರೆ ಯಂತ್ರದ ಬೆಲೆ ಸುಮಾರು 100 ಲೀವ್ರ್. ಲೀವ್ರ್ ಎಂಬುದು ಅಂದಿನ ಫ್ರೆಂಚರ ರೂಪಾಯಿ ಎನ್ನಬಹುದು. ಒಂದು ಲೀವ್ರಿಗೆ ಇಪ್ಪತ್ತು ಸೂ. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. ಅಷ್ಟು ಹಣ ಕೊಟ್ಟು ಕೊಳ್ಳಬಲ್ಲವರು ಸ್ವತಃ ಲೆಕ್ಕ ಕೂಡಿಸುವ ಕಷ್ಟವಿಲ್ಲದವರು. ಕೂಡಿಸಿ ಕೂಡಿಸಿ ಕಣ್ಣು ಕೆಡಿಸಿಕೊಳ್ಳುತ್ತಿದ್ದ ಗುಮಾಸ್ತರಿಗೆ ಅದು ನಿಲುಕದ ವಸ್ತು. ಶ್ರೀಮಂತರ ಮನೆಯ ಮೇಜಿನ ಮೇಲೆ ವಿಚಿತ್ರ ವಸ್ತುವಾಗಿ ಅದು ಕುಳಿತುಕೊಂಡಿತು. ಬೆಲೆಯೂ ಒಂದು ಬಾಗಿಲು ಎಂಬುದನ್ನು ಪಾಸ್ಕಲನು ಆಗಲೇ ಕಂಡುಕೊಂಡಿರಬೇಕು.

ಮುಂದಿನ ಹತ್ತು ವರ್ಷಗಳ ಸಾಧನೆಯನ್ನು ವಿಜ್ಞಾನದ ಪುಸ್ತಕಗಳಲ್ಲಿ ಯಾರಾದರೂ ಓದಬಹುದಾದ್ದರಿಂದ ಇಲ್ಲಿ ಬೇಗ ಹೇಳಿಬಿಡುತ್ತೇನೆ. 1648ರ ಸೆಪ್ಟೆಂಬರ್ 19ರಂದು ಅವನ ಸೂಚನೆಯಂತೆ ಭಾವ ಪೆರಿಯೇ, ಪಾದರಸದ ಕೊಳವೆಯನ್ನು ಹೊತ್ತು ಪ್ಯುಯಿ ದ ದೋಮ್ ಬೆಟ್ಟವನ್ನು ಹತ್ತಿ, ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆಯಾಗುವುದನ್ನು ತೋರಿಸಿಕೊಟ್ಟನು. 1654ರಲ್ಲಿ ಫರ್ಮಾ ಎಂಬ ಗಣಿತಜ್ಞನಿಗೂ ಪಾಸ್ಕಲನಿಗೂ ಜೂಜಿನ ಪಣವನ್ನು ಹಂಚುವ ಸಮಸ್ಯೆಯನ್ನು ಕುರಿತು ನಡೆದ ಪತ್ರವ್ಯವಹಾರದಿಂದ ಸಂಭವನೀಯತೆಯ ಶಾಸ್ತ್ರವು ಹುಟ್ಟಿತು. ಅದೇ ವರ್ಷ ನವೆಂಬರ್ 23ರ ರಾತ್ರಿ ಅವನಿಗೆ ಆದ ಒಂದು ದೈವಾನುಭವವು ಬಾಳನ್ನೇ ತಿರುಗಿಸಿತು. ಅದನ್ನು ಬರೆದಿಟ್ಟ ಚರ್ಮಪತ್ರವನ್ನು ಅಂಗಿಯ ಒಳಪದರದಲ್ಲಿ ಹೊಲಿಸಿಕೊಂಡು ಕೊನೆಯವರೆಗೂ ಧರಿಸಿದ್ದನೆಂಬುದು ಅವನು ಸತ್ತ ಮೇಲೆಯೇ ತಿಳಿಯಿತು. (ನ್ಯಯೀ ಸೇತುವೆಯ ಮೇಲೆ ಕುದುರೆಗಳು ಬೆದರಿ ಅವನ ಸಾರೋಟು ನದಿಗೆ ಬೀಳುವುದರಲ್ಲಿತ್ತೆಂದೂ, ಆ ಭಯದಿಂದಲೇ ಅವನ ಮನಸ್ಸು ತಿರುಗಿತೆಂದೂ ಒಂದು ಕಥೆಯಿದೆ. ಕಥೆ ಸ್ವಾರಸ್ಯವಾಗಿದೆ, ಅದಕ್ಕೆ ಆಧಾರ ಸಾಲದು.) ತಂಗಿ ಜಾಕ್ಲೀನ್ ಆಗಲೇ ಪೋರ್ಟ್ ರಾಯಲ್ ಮಠದಲ್ಲಿ ಸಂನ್ಯಾಸಿನಿಯಾಗಿದ್ದಳು. ಅಣ್ಣನೂ ಆ ಮಠದ ಬಳಗಕ್ಕೆ ಸೇರಿ, ಅವರ ಪರವಾಗಿ 1656 ಮತ್ತು 1657ರಲ್ಲಿ ಹದಿನೆಂಟು ಪತ್ರಗಳನ್ನು ಬರೆದು ಫ್ರೆಂಚ್ ಗದ್ಯಕ್ಕೇ ಹೊಸ ಹದವನ್ನು ಕೊಟ್ಟನು. 1661ರ ಅಕ್ಟೋಬರ್ 4ರಂದು ಜಾಕ್ಲೀನ್ ತೀರಿಕೊಂಡಳು. ಅವನ ಶರೀರವೂ ಬಹುಕಾಲದಿಂದ ರೋಗದ ಗೂಡಾಗಿತ್ತು.

ಇಂಥ ಸ್ಥಿತಿಯಲ್ಲಿ, ವಿರಕ್ತನೂ ರೋಗಿಯೂ ಆದ ಮನುಷ್ಯನು ಗಾಡಿಗಳ ವ್ಯಾಪಾರಕ್ಕೆ ಕೈಹಾಕಿದನೆಂದರೆ ಯಾರಿಗೂ ಆಶ್ಚರ್ಯವಾಗುತ್ತದೆ. ಅದನ್ನು ಅರಿಯಬೇಕಾದರೆ ಅಂದಿನ ಪ್ಯಾರಿಸ್ ನಗರವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ನಾಲ್ಕೈದು ಲಕ್ಷ ಜನ ವಾಸಿಸುವ ಮಹಾನಗರ, ಇಕ್ಕಟ್ಟಾದ ಬೀದಿಗಳು, ಬೀದಿಯ ನಡುವೆಯೇ ಹರಿಯುವ ಚರಂಡಿ, ಬಟ್ಟೆಗೆ ಹತ್ತಿದರೆ ಬಿಡದೆಂದು ಹೆಸರಾದ ಕರಿಯ ಕೆಸರು. ಸಿರಿವಂತರಿಗೆ ಸ್ವಂತ ಸಾರೋಟು. ಅದಕ್ಕಿಂತ ಕೆಳಗಿನವರಿಗೆ ಇಬ್ಬರು ಆಳುಗಳು ಹೊರುವ ಕುರ್ಚಿ, ನಮ್ಮ ಮೇನೆಯಂಥದು. 1640ರ ದಶಕದಿಂದೀಚೆಗೆ ಫಿಯಾಕ್ರ್ ಎಂಬ ಬಾಡಿಗೆ ಗಾಡಿಯೂ ಬಂದಿತ್ತು. ಆದರೆ ಇಂಥ ಗಾಡಿಯನ್ನು ದಿನಕ್ಕೆ ಬಾಡಿಗೆಗೆ ಹಿಡಿದರೆ ಕಡಮೆಯೆಂದರೂ ಆರು ಲೀವ್ರ್, ಅಂದರೆ 120 ಸೂ ತೆರಬೇಕು. ಉಳಿದವರಿಗೆಲ್ಲ ಕಾಲುಗಳೇ ಗತಿ. ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆಯವನಾಗಲಿ, ಊರಿನ ಒಂದು ತುದಿಯಿಂದ ನ್ಯಾಯಾಲಯಕ್ಕೆ ಅಲೆಯಬೇಕಾದ ಕಕ್ಷಿಗಾರನಾಗಲಿ ಕೆಸರು ತುಳಿಯುತ್ತಲೇ ಹೋಗಬೇಕು.

ಈ ಕಷ್ಟಕ್ಕೆ ಉಪಾಯವೊಂದು ಹುಟ್ಟಿತು. ಅದು ಹೊಳೆದದ್ದು ಪಾಸ್ಕಲನಿಗೆಂಬುದು ಪರಂಪರೆಯಿಂದ ಬಂದ ಮಾತು. ಅವನ ಜತೆಗೆ ನಿಂತವರು ಆಪ್ತಮಿತ್ರನಾದ ರೊಆನೇ ಪ್ರಾಂತದ ಡ್ಯೂಕ್ ಮತ್ತು ಸೂರ್ಷ್, ಕ್ರೆನಾಂ ಎಂಬ ಇಬ್ಬರು ಮಾರ್ಕ್ವಿಸರು. ಪಾಸ್ಕಲನೂ ಇದರಲ್ಲಿ ಪಾಲುದಾರನಾದನು. ಉಪಾಯ ಕೇಳಿದರೆ ಇಷ್ಟೇನೇ ಎನ್ನಿಸುವಷ್ಟು ಸರಳ: ಗಾಡಿಯನ್ನು ಬಾಡಿಗೆಗೆ ಕೊಡುವುದನ್ನು ಬಿಟ್ಟು, ಗಾಡಿಯೊಳಗಿನ ಒಂದು ಸ್ಥಳವನ್ನು ಬಾಡಿಗೆಗೆ ಕೊಡುವುದು. ಎಂಟು ಮಂದಿ ಕೂರಬಹುದಾದ ಸಾರೋಟು. ತಲೆಗೆ ಐದು ಸೂ. ಅದು ಗೊತ್ತಾದ ದಾರಿಯನ್ನು ಬಿಟ್ಟು ಕದಲದು. ಅರ್ಧ ಕಾಲುಗಂಟೆಗೊಂದರಂತೆ, ಎಂದರೆ ಏಳೆಂಟು ನಿಮಿಷಕ್ಕೊಂದರಂತೆ ಹೊರಡುತ್ತಲೇ ಇರಬೇಕು.

ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. 1662ರ ಜನವರಿಯಲ್ಲಿ ಹದಿನಾಲ್ಕನೆಯ ಲೂಯಿ ದೊರೆಯು ಇವರಿಗೆ ಕೊಟ್ಟ ಸನ್ನದಿನಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಲಾಗಿತ್ತು: ಎಷ್ಟು ಕಡಮೆ ಜನ ಬಂದಿರಲಿ, ಒಬ್ಬರೂ ಬಾರದೆ ಇರಲಿ, ಹೊತ್ತಾದೊಡನೆ ಗಾಡಿ ಖಾಲಿಯಾಗಿಯಾದರೂ ಹೊರಡತಕ್ಕದ್ದು, ಹತ್ತಿದವನು ತನ್ನ ಸ್ಥಳದ ಐದು ಸೂ ಮಾತ್ರ ಕೊಡತಕ್ಕದ್ದು. ನಮ್ಮ ಪೇಟೆಗಳಲ್ಲಿ ಜನ ತುಂಬುವವರೆಗೆ ಹೊರಡದೆ ಕೂಗಿ ಕರೆಯುತ್ತ ನಿಲ್ಲುವ ಗಾಡಿಗಳನ್ನು ಕಂಡವರಿಗೆ ಈ ನಿಯಮದ ಬೆಲೆ ಬೇಗ ತಿಳಿಯುತ್ತದೆ. ಇಂದು ಖಾಲಿ ಹೋದ ಗಾಡಿಯ ನಷ್ಟವನ್ನು ನಾಳೆ ತುಂಬಿ ಹೋಗುವ ಗಾಡಿ ತೀರಿಸುತ್ತದೆ, ಒಟ್ಟಿನ ಲೆಕ್ಕ ಸರಿಹೋಗುತ್ತದೆ ಎಂಬ ನಂಬಿಕೆಯಿಲ್ಲದೆ ಹೀಗೆ ಬರೆಯಲಾಗದು. ಸಂಭವನೀಯತೆಯ ಶಾಸ್ತ್ರಕ್ಕೆ ತಳಹದಿ ಹಾಕಿದವನು ಈ ಪಾಲುಗಾರಿಕೆಯಲ್ಲಿ ಇದ್ದನೆಂಬುದು ನನಗೆ ಆಕಸ್ಮಿಕವೆಂದು ತೋರುವುದಿಲ್ಲ.

ಯಾರ ಸಲುವಾಗಿ ಈ ಏರ್ಪಾಡು ಎಂಬುದನ್ನೂ ಸನ್ನದು ಹೇಳಿತ್ತು: ಹೆಚ್ಚಿನ ಅನುಕೂಲವಿಲ್ಲದವರಿಗೆ, ಕಕ್ಷಿಗಾರರಿಗೆ, ಅಶಕ್ತರಿಗೆ. ಆದರೆ ರಾಜನ ಸನ್ನದು ಜಾರಿಗೆ ಬರಬೇಕಾದರೆ ಪಾರ್ಲಮಾಂ ಎಂಬ ಪ್ಯಾರಿಸ್ಸಿನ ಉಚ್ಚ ನ್ಯಾಯಪೀಠವು ಅದನ್ನು ದಾಖಲೆ ಮಾಡಿಕೊಳ್ಳಬೇಕಾಗಿತ್ತು. 1662ರ ಫೆಬ್ರವರಿ 7ರಂದು ನ್ಯಾಯಪೀಠವು ದಾಖಲೆಯನ್ನೇನೋ ಮಾಡಿತು. ಜತೆಗೆ ತನ್ನದೊಂದು ಷರತ್ತನ್ನು ಸೇರಿಸಿತು. ಸೈನಿಕರು, ಮನೆವಾರ್ತೆಯ ಹುಡುಗರು, ಚಾಕರರು, ಸಮವಸ್ತ್ರ ತೊಟ್ಟ ಇತರ ಊಳಿಗದವರು, ಕೈದುಡಿಮೆಯ ಕೂಲಿಗಾರರು, ಇವರಾರೂ ಈ ಸಾರೋಟುಗಳನ್ನು ಹತ್ತಕೂಡದು. ಪಟ್ಟಣದ ಗೃಹಸ್ಥರ ಸೌಕರ್ಯಕ್ಕೂ ಸ್ವಾತಂತ್ರ್ಯಕ್ಕೂ ಇದು ಅಗತ್ಯವೆಂದು ಕಾರಣ ಕೊಟ್ಟು ಬೀದಿಗಳಲ್ಲಿ ಪ್ರಕಟನೆಯನ್ನೂ ಅಂಟಿಸಿದರು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಅಂದಿನ ಪ್ಯಾರಿಸ್ಸಿನಲ್ಲಿ ಸಾಮಾನ್ಯ ಕೂಲಿಗಾರನ ದಿನದ ಗಳಿಕೆ ಹದಿನೈದು ಇಪ್ಪತ್ತು ಸೂಗಳ ಆಸುಪಾಸಿನದು. ಹೋಗಲು ಐದು, ಬರಲು ಐದು ಎಂದರೆ ಅರ್ಧ ದಿನದ ದುಡಿಮೆ. ಆದ್ದರಿಂದ ಷರತ್ತು ಇಲ್ಲದಿದ್ದರೂ ಅವನು ದಿನವೂ ಗಾಡಿ ಹತ್ತುವವನಲ್ಲ. ಆದರೆ ಹೆಂಡತಿಗೆ ಕಾಯಿಲೆಯಾದ ದಿನ, ತನ್ನ ಕಾಲು ಮುರಿದ ದಿನ, ಜಡಿಮಳೆಯ ದಿನ ಅವನು ಐದು ಸೂಗಳನ್ನು ಹೇಗೋ ಹೊಂದಿಸಿ ಕೈಯಲ್ಲಿ ಹಿಡಿದು ಬಂದರೂ ಬಾಗಿಲು ತೆರೆಯುವಂತಿರಲಿಲ್ಲ. ಲೆಕ್ಕದ ಯಂತ್ರದಲ್ಲಿ ಪಾಸ್ಕಲನನ್ನು ಸೋಲಿಸಿದ್ದು ಬೆಲೆ. ಇಲ್ಲಿ ಬೆಲೆಯನ್ನು ಇಳಿಸಿದರೂ ಕಾನೂನು ಬಂದು ಬಾಗಿಲಲ್ಲಿ ನಿಂತಿತು. ಸೋಜಿಗವೆಂದರೆ, ಸಾರೋಟನ್ನು ನಡೆಸುತ್ತಿದ್ದ ಸಾರಥಿಯೇ ಸಮವಸ್ತ್ರ ತೊಟ್ಟ ಊಳಿಗದವನು. ಮುಂದಿನ ಪೀಠದಲ್ಲಿ ಕೂರಲು ಅವನಿಗೆ ಹಕ್ಕುಂಟು, ಹಿಂದಿನ ಪೀಠದಲ್ಲಿ ಇಲ್ಲ!

ಮೊದಲ ದಾರಿ ತೆರೆದದ್ದು 1662ರ ಮಾರ್ಚ್ 18, ಶನಿವಾರ, ಬೆಳಗಿನ ಏಳು ಗಂಟೆಗೆ. ಆ ದಿನದ ವಿವರವನ್ನು ಅಕ್ಕ ಜಿಲ್ಬೆರ್ತ್ ಮೂರು ದಿನಗಳ ತರುವಾಯ ಒಂದು ಕಾಗದದಲ್ಲಿ ಬರೆದಿಟ್ಟದ್ದು ನಮ್ಮ ಪುಣ್ಯ. ಪೂರ್ವ ದಿಕ್ಕಿನ ಸೇಂಟ್ ಆಂತ್ವಾನ್ ಹೆಬ್ಬಾಗಿಲಿನಲ್ಲಿ ಮೂರು, ನದಿಯಾಚೆಯ ಲಕ್ಸೆಂಬರ್ಗ್ ಅರಮನೆಯ ಮುಂದೆ ನಾಲ್ಕು, ಹೀಗೆ ಏಳು ಸಾರೋಟುಗಳು. ನಿಲುವಂಗಿ ತೊಟ್ಟ ನಗರಾಧಿಕಾರಿಗಳು, ಕಾವಲುಗಾರರು, ಕುದುರೆ ಸವಾರರು ನೆರೆದಿದ್ದರು. ಅಧಿಕಾರಿಗಳು ಏರ್ಪಾಡಿನ ಪ್ರಯೋಜನವನ್ನು ಜನರಿಗೆ ವಿವರಿಸಿ, ಗಾಡಿಗಳಿಗೆ ಯಾರಾದರೂ ಅವಮರ್ಯಾದೆ ಮಾಡಿದರೆ ಕಠಿನ ಶಿಕ್ಷೆಯಾಗುವುದೆಂದು ಕೆಳವರ್ಗದವರನ್ನು ಎಚ್ಚರಿಸಿದರು. ಬಳಿಕ ಸಾರಥಿಗಳಿಗೆ ನೀಲಿಯ ಅಂಗಿಗಳನ್ನು ಕೊಟ್ಟರು. ಎದೆಯ ಮೇಲೆ ರಾಜನ ಮತ್ತು ನಗರದ ಲಾಂಛನಗಳ ಕಸೂತಿ. ಮೊದಲ ಗಾಡಿ ಒಬ್ಬ ಕಾವಲುಗಾರನನ್ನು ಒಳಗೆ ಕೂರಿಸಿಕೊಂಡು ಹೊರಟಿತು. ಹೊತ್ತಾದೊಡನೆ ಎರಡನೆಯದು, ಅದರ ಹಿಂದೆ ಮೂರನೆಯದು. ದಾರಿಯುದ್ದಕ್ಕೂ, ಪೋಂ ನಫ್ ಸೇತುವೆಯ ಮೇಲೆಲ್ಲ, ಜಾತ್ರೆಗೆ ನೆರೆದಂತೆ ಜನ.

ಮೊದಲ ಬೆಳಗಿನಲ್ಲಿಯೇ ಗಾಡಿಗಳು ತುಂಬಿದವು, ಹೆಂಗಸರೂ ಹತ್ತಿದರು. ಎಲ್ಲರ ದೂರು ಒಂದೇ: ಕಾದು ನಿಂತವರ ಮುಂದೆ ಬರುವ ಗಾಡಿ ಆಗಲೇ ತುಂಬಿರುತ್ತದೆ. ಇದರ ರುಚಿ ಸ್ವತಃ ಜಿಲ್ಬೆರ್ತಳಿಗೂ ಹತ್ತಿತು. ತಮ್ಮನ ಮನೆಗೆ ಹೋಗಲೆಂದು ಅವಳು ಸೇಂಟ್ ಮೆರಿ ಚರ್ಚಿನ ಬಳಿ ಕಾದು ನಿಂತಿದ್ದಾಗ, ಒಂದರ ಹಿಂದೊಂದು ಐದು ಸಾರೋಟುಗಳು ತುಂಬಿಕೊಂಡೇ ಮುಂದೆ ಹಾದುಹೋದವು. ಏರ್ಪಾಡಿನ ಪಾಲುದಾರನ ಸ್ವಂತ ಅಕ್ಕ! ನಿಲ್ದಾಣದಲ್ಲಿ ನಿಂತು ತುಂಬಿದ ಬಸ್ಸುಗಳನ್ನು ಎಣಿಸಿದ ಅನುಭವವುಳ್ಳ ನಮ್ಮ ಮಿತ್ರರು ಈ ತಾಯಿಯನ್ನು ತಮ್ಮವಳೆಂದೇ ಬಗೆಯಬಹುದು.

ಬೇಡಿಕೆ ಹೀಗಿದ್ದುದರಿಂದ ದಾರಿಗಳು ಬೇಗಬೇಗನೆ ಹೆಚ್ಚಿದವು. ಏಪ್ರಿಲ್ 11ರಂದು ಎರಡನೆಯದು, ಮೇ 22ರಂದು ಮೂರನೆಯದು, ಜೂನ್ 24ರಂದು ನಾಲ್ಕನೆಯದು. ಈ ನಾಲ್ಕನೆಯದು ಊರನ್ನು ಬಳಸಿ ಬರುವ ಸುತ್ತುದಾರಿ. ಅದನ್ನು ಭಾಗಗಳಾಗಿ ಹಂಚಿ, ಗೊತ್ತಾದಷ್ಟು ದೂರ ಮೀರಿದವರು ಮತ್ತೆ ಐದು ಸೂ ಕೊಡಬೇಕೆಂದು ವಿಧಿಸಿದರು. ಇಂದಿನ ಸ್ಟೇಜು ದರದ ಮೂಲ ಇದರಲ್ಲಿಯೇ ಕಾಣುತ್ತದೆ. ಚಿನ್ನದ ನಾಣ್ಯಕ್ಕೆ ಚಿಲ್ಲರೆ ಕೊಡುತ್ತ ಕುಳಿತರೆ ಗಾಡಿ ತಡವಾಗುವುದೆಂದು ಚಿನ್ನವನ್ನು ತೆಗೆದುಕೊಳ್ಳುತ್ತಿರಲಿಲ್ಲ. ಚಿಲ್ಲರೆಯ ಜಗಳಕ್ಕೂ ಮುನ್ನೂರೈವತ್ತು ವರ್ಷಗಳಿಗೆ ಮೀರಿದ ಇತಿಹಾಸವಿದೆ ಎಂದಾಯಿತು.

ಇಷ್ಟರಲ್ಲಿ ಪಾಸ್ಕಲನ ಮನಸ್ಸು ಎಲ್ಲಿತ್ತು? 1661-62ರ ಚಳಿಗಾಲದಲ್ಲಿ ಫ್ರಾನ್ಸಿನ ಹಲವೆಡೆ ಘೋರ ಕ್ಷಾಮ. ಬ್ಲ್ವಾ ಪ್ರಾಂತದ ಬಡವರ ಪಾಡು ಕಿವಿಗೆ ಬಿದ್ದೊಡನೆ ಅವನು, ಗಾಡಿಗಳ ಆದಾಯದಲ್ಲಿ ತನ್ನ ಪಾಲಿಗೆ ಬರಬೇಕಾದುದರ ಮೇಲೆ ಸಾವಿರ ಲೀವ್ರ್ ಮುಂಗಡ ಕೇಳಿ ಅಲ್ಲಿಗೆ ಕಳುಹಿಸಲು ನಿಶ್ಚಯಿಸಿದನು. ವ್ಯವಹಾರ ಇನ್ನೂ ನೆಲೆಗೊಂಡಿಲ್ಲ, ಒಂದು ವರ್ಷ ತಾಳಿ ನೋಡಬಾರದೆ ಎಂದು ಅಕ್ಕ ತಡೆದಳು. ನಷ್ಟವಾದರೆ ತನ್ನ ಉಳಿದ ಆಸ್ತಿಯಿಂದ ತುಂಬಿಕೊಡುವುದಾಗಿಯೂ, ಹಸಿದವರು ಮುಂದಿನ ವರ್ಷದವರೆಗೆ ತಾಳಲಾರರೆಂದೂ ಅವನು ಉತ್ತರ ಹೇಳಿದನು. ಲಾಭದ ಆಸೆಯಿಂದ ಅವನು ಈ ಕೆಲಸಕ್ಕೆ ಇಳಿದನೆನ್ನುವವರೂ ಉಂಟು. ಲಾಭದ ಆಸೆ ಇದ್ದದ್ದು ನಿಜವೇ. ಆದರೆ ಆ ಲಾಭ ಹೋಗಬೇಕಾದ ಕಡೆ ಇದು. ತನ್ನ ಮರಣಶಾಸನದಲ್ಲಿಯೂ ಗಾಡಿಗಳ ಪಾಲಿನ ಒಂದಂಶವನ್ನು ಬಡವರ ಆಸ್ಪತ್ರೆಗಳಿಗೆ ಬರೆದಿಟ್ಟನು. ಗಾಡಿಯೊಳಗೆ ಬರಗೊಡದವರ ಬಳಿಗೆ ಗಾಡಿಯ ಹಣವಾದರೂ ಹೋಗುವಂತೆ ಮಾಡಿದನೆಂದು ನಾವು ಭಾವಿಸಬಹುದು. ಆದರೂ ಅದು ಇದಕ್ಕೆ ಸಾಟಿಯಲ್ಲ. ಕೂಲಿಯವನಿಗೆ ಆಸ್ಪತ್ರೆಯ ಹಾಸಿಗೆಯನ್ನು ಕೊಟ್ಟರೆ, ಅಲ್ಲಿಗೆ ನಡೆದುಹೋಗುವ ದೂರವೇನೂ ಕಡಮೆಯಾಗದು. ನ್ಯಾಯಪೀಠದ ಷರತ್ತನ್ನು ಪಾಲುದಾರರು ಒಪ್ಪಿಕೊಂಡರು, ಅವರ ಗಾಡಿಗಳು ಅದರಂತೆ ಓಡಿದವು. ಚರಿತ್ರಕಾರನು ಇದನ್ನು ಮರೆಮಾಡಬಾರದು.

ಜೂನ್ ತಿಂಗಳಲ್ಲಿ ಅವನ ಕಾಯಿಲೆ ಉಲ್ಬಣಿಸಿತು. ಆಗ ಅವನ ಮನೆಯಲ್ಲಿ ಒಂದು ಬಡ ಸಂಸಾರಕ್ಕೆ ಆಶ್ರಯ ಕೊಟ್ಟಿದ್ದನು. ಆ ಮನೆಯ ಮಗುವಿಗೆ ಸಿಡುಬು ಎದ್ದಿತು. ಜಿಲ್ಬೆರ್ತ್ ತಮ್ಮನ ಆರೈಕೆಗೆ ದಿನವೂ ಬರುವವಳು. ಸೋಂಕು ತನ್ನ ಮಕ್ಕಳಿಗೆ ತಗಲೀತೆಂಬ ಭಯ ಅವಳಿಗೆ. ಮಗುವನ್ನು ಬೇರೆಡೆಗೆ ಸಾಗಿಸುವುದೇ ಲೋಕರೂಢಿ. ಅದರಿಂದ ಮಗುವಿನ ಪ್ರಾಣಕ್ಕೆ ಅಪಾಯವೆಂದು, ತನಗೆ ಅಪಾಯ ಅಷ್ಟಿಲ್ಲವೆಂದು ಹೇಳಿ, ಮೇಲೇಳಲಾರದಿದ್ದ ಪಾಸ್ಕಲನು ಜೂನ್ 29ರಂದು ತಾನೇ ಮನೆಬಿಟ್ಟು ಅಕ್ಕನ ಮನೆಗೆ ಸಾಗಿದನು. ಮತ್ತೆ ಹಿಂದಿರುಗಲಿಲ್ಲ. ಜುಲೈ 5ರಂದು ಐದನೆಯ ದಾರಿ ತೆರೆದಾಗ ಅವನು ಹಾಸಿಗೆ ಹಿಡಿದಿದ್ದನು. ಕೊನೆಯ ದಿನಗಳಲ್ಲಿ, ತನಗೆ ನಡೆಯುತ್ತಿರುವ ಆರೈಕೆಯೇ ನಡೆಯುವಂತೆ ಒಬ್ಬ ಬಡರೋಗಿಯನ್ನು ಮನೆಗೆ ಕರೆತರಬೇಕೆಂದು ಕೇಳಿದನು. ಅದು ಆಗದಿದ್ದಾಗ, ತನ್ನನ್ನೇ ಗುಣವಾಗದವರ ಆಸ್ಪತ್ರೆಗೆ ಒಯ್ದು ಬಡವರ ನಡುವೆ ಸಾಯಗೊಡಬೇಕೆಂದನು. ವೈದ್ಯರು ಒಪ್ಪಲಿಲ್ಲ. 1662ರ ಆಗಸ್ಟ್ 19ರ ನಡುರಾತ್ರಿ ಕಳೆದು ಒಂದು ಗಂಟೆಗೆ ಅವನ ಪ್ರಾಣ ಹೋಯಿತು. ವಯಸ್ಸು ಮೂವತ್ತೊಂಬತ್ತು. ಸೇಂಟ್ ಎತ್ಯೆನ್ ದು ಮೋಂ ಚರ್ಚಿನಲ್ಲಿ ಅವನ ಸಮಾಧಿಯಿದೆ.

ಸಾರೋಟುಗಳು ಅವನ ಹಿಂದೆಯೂ ಕೆಲಕಾಲ ಓಡಿದವು. ಷೆವಾಲಿಯೇ ಎಂಬ ನಟನು ಅವುಗಳನ್ನೇ ವಸ್ತುವಾಗಿಟ್ಟುಕೊಂಡು ಪ್ರಹಸನವನ್ನು ಬರೆದು ಆಡಿಸಿದನು. ದರವು ಆರು ಸೂಗೆ ಏರಿತು. ಮೊದಲು ಮುಗಿಬಿದ್ದಿದ್ದ ಜನ ಬರಬರುತ್ತ ದೂರವಾದರು. 1677ರ ಹೊತ್ತಿಗೆ ಏರ್ಪಾಡು ನಿಂತುಹೋಯಿತು. ಷರತ್ತೇ ಇದಕ್ಕೆ ಕಾರಣವೆಂದು ಹಲವರು ಬರೆಯುತ್ತಾರೆ. ಅದೊಂದೇ ಎಂದು ನಾನು ಹೇಳಲಾರೆ. ಆದರೆ ಸ್ವಂತ ಗಾಡಿಯಿದ್ದವನಿಗೆ ಅದು ಬೇಕಿರಲಿಲ್ಲ. ನಿಜವಾಗಿ ಬೇಕಾಗಿದ್ದ ಸಾವಿರಾರು ಜನಕ್ಕೆ ಪ್ರವೇಶವಿರಲಿಲ್ಲ. ಇವರಿಬ್ಬರ ನಡುವೆ ಉಳಿದವರ ಐದೈದು ಸೂಗಳಿಂದ ಕುದುರೆಗಳ ಹೊಟ್ಟೆ ಎಷ್ಟು ದಿನ ತುಂಬೀತು?

ಆಮೇಲೆ ನೂರೈವತ್ತು ವರ್ಷ ಪ್ಯಾರಿಸ್ಸಿನ ಜನ ನಡೆದರು. 1826ರಲ್ಲಿ ನಾಂತ್ ಪಟ್ಟಣದ ಸ್ತಾನಿಸ್ಲಾಸ್ ಬೋದ್ರಿ ಎಂಬಾತನು ಊರಾಚೆ ಇದ್ದ ತನ್ನ ಬಿಸಿನೀರ ಸ್ನಾನಗೃಹಕ್ಕೆ ಗಿರಾಕಿಗಳನ್ನು ಕರೆತರಲು ಒಂದು ಗಾಡಿ ಇಟ್ಟನು. ಹತ್ತಿದವರು ಸ್ನಾನಕ್ಕೆ ಬಾರದೆ ನಡುದಾರಿಯಲ್ಲಿಯೇ ಇಳಿದುಹೋಗುವುದನ್ನು ಕಂಡು ಅವನಿಗೆ ವ್ಯಾಪಾರದ ಹೊಸ ಬಗೆ ಹೊಳೆಯಿತು. ಎಲ್ಲರಿಗಾಗಿ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಆ ಗಾಡಿಗೆ ಆಮ್ನಿಬಸ್ ಎಂದು ಹೆಸರಾಯಿತು. ಅದರ ಬಾಲದ ತುಂಡೇ ನಮ್ಮ ಬಸ್ಸು. 1828ರಲ್ಲಿ ಆಮ್ನಿಬಸ್ಸುಗಳು ಪ್ಯಾರಿಸ್ಸಿಗೆ ಬಂದವು. ಆ ವೇಳೆಗೆ ನಾಣ್ಯ ಬದಲಾಗಿತ್ತು, ರಾಜ್ಯಕ್ರಾಂತಿಯೂ ಆಗಿಹೋಗಿತ್ತು. ದರ ಇಪ್ಪತ್ತೈದು ಸೆಂಟಿಮ್. ಹಳೆಯ ಎಣಿಕೆಯನ್ನು ಬಿಡದ ಜನರ ಬಾಯಲ್ಲಿ, ಐದು ಸೂ.